ಬಣ್ಣದ ಕೆಳಗಿನ ತಪ್ಪು

ಹೊಸದಾಗಿ ಕೆಲಸ ಕಲಿಯುವವನು ತಪ್ಪುವದು ಸಹಜ; ಅದನ್ನು ಯಾರೂ ದೊಡ್ಡ ದೋಷವೆಂದು ಎಣಿಸುವದಿಲ್ಲ. ಆದರೆ ಆ ತಪ್ಪನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಬಿಟ್ಟರೆ, ಅದು ಮೊದಲಿನ ತಪ್ಪಾಗಿಯೇ ಉಳಿಯುವದೋ, ಬೇರೊಂದಾಗುವದೋ? ಮನೆಯೂ ನನ್ನದು, ಕಟ್ಟಿಗೆಯೂ ನನ್ನದು, ಶ್ರಮವೂ ನನ್ನದು ಆಗಿರುವಲ್ಲಿ ಅದರಿಂದ ಯಾರಿಗೆ ಅನ್ಯಾಯವಾಯಿತು? ವಾಚಕರೇ, ಈ ಪ್ರಶ್ನೆಯು ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ, ಒಂದು ಬಾಗಿಲಿನಿಂದ ಹುಟ್ಟಿತು.

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಯ ನೆಲದಲ್ಲಿ ಬೇವು, ಜಾಲಿಗಳು ಬೆಳೆಯುತ್ತವೆ. ಕಿತ್ತೂರನ್ನು ದಾಟಿ ಪಡುವಣಕ್ಕೆ ಹೋದ ಹಾಗೆ ಮಳೆ ಹೆಚ್ಚಿ, ಖಾನಾಪುರ, ದಾಂಡೇಲಿಗಳ ಅಡವಿಯಲ್ಲಿ ಸಾಗವಾನಿ ಕಾಣುವದು. ಸಾಗವಾನಿಯ ಬೆಲೆಯನ್ನು ಕೊಡಲಾರದ ನಾನು, ನನ್ನ ತಾಯಿಯ ಕೋಣೆಗೆ ಬೇವಿನ ಬಾಗಿಲನ್ನು ಸ್ವಂತ ಕೈಯಿಂದ ಮಾಡಲು ತೊಡಗಿದೆನು. ಪೇಟೆಯಲ್ಲಿ ಪ್ಲಾಯವುಡ್ಡಿನ ಸಿದ್ಧ ಬಾಗಿಲುಗಳು ದೊರೆಯುತ್ತಿದ್ದರೂ ನನಗೆ ಕೈಗೆಲಸವನ್ನು ಕಲಿಯುವ ಆಶೆಯಿತ್ತು.

ಇಂಥ ಬಾಗಿಲಿಗೆ ಎರಡು ನಿಲುವು ಪಟ್ಟಿ, ಮೂರು ಅಡ್ಡ ಪಟ್ಟಿ, ನಡುವೆ ಹಲಗೆ. ಅಡ್ಡ ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ನಿಲುವು ಪಟ್ಟಿಯ ತೂತಿನಲ್ಲಿ ಬಿಗಿಯಾಗಿ ಕೂಡಿಸಬೇಕು. ಅಲ್ಲಿ ನಾನು ಎರಡು ತಪ್ಪು ಮಾಡಿದೆನು. ಕೆಳಗಿನ ಅಡ್ಡ ಪಟ್ಟಿಯ ನಾಲಿಗೆಯು ಗರಗಸ ಜಾರಿ ತೆಳುವಾಯಿತು. ಸಡಿಲವಾದ ಸಂದಿಯಲ್ಲಿ ಮರದ ಹೊಟ್ಟನ್ನು ಅಂಟಿನೊಡನೆ ಕಲಸಿ ತುಂಬಿ, ಮೇಲೆ ಬಣ್ಣ ಬಳಿದೆನು. ಇನ್ನೊಂದು, ನಡುವಿನ ಹಲಗೆಗಳನ್ನು ಗಟ್ಟಿಯಾಗಲೆಂದು ನಾಲ್ಕೂ ಕಡೆಗೆ ಅಂಟಿಸಿದೆನು.

ಮೊದಲನೆಯ ದೊಡ್ಡ ಮಳೆಗೆ ಬಾಗಿಲು ಉಬ್ಬಿ, ಸಂದು ಬಿಚ್ಚಿ, ಜೋತು ನೆಲಕ್ಕೆ ಕಚ್ಚಿಕೊಂಡಿತು. ರಾತ್ರಿ ತಾಯಿ ಒಳಗಿಂದ ಎಳೆದರೂ ಅದು ತೆರೆಯಲಿಲ್ಲ. ಹಂಚಿನ ಮೇಲಿನ ಮಳೆಯ ಸಪ್ಪಳದಲ್ಲಿ ಆಕೆಯ ಕೂಗು ನನಗೆ ಕೇಳಲಿಲ್ಲ. ನಸುಕಿನಲ್ಲಿ ನಾನು ಬಾಗಿಲನ್ನು ಒದ್ದು ತೆರೆದಾಗ, ಆಕೆ ಗೋಡೆಗೆ ಒರಗಿ ಕುಳಿತಿದ್ದಳು. "ಇರಲಿ ಬಿಡಪ್ಪಾ, ಕಲಿಯೋ ಕೈ" ಎಂದಳು.

ನಮ್ಮ ಓಣಿಯ ವೃದ್ಧ ಬಡಿಗೇರರು ಬಂದು ನೋಡಿದರು. ಮರವು ಉದ್ದಕ್ಕೆ ಬೆಳೆಯದೆ ಅಗಲಕ್ಕೆ ಉಬ್ಬುವದೆಂದೂ, 20 ಇಂಚು ಅಗಲದ ಹಲಗೆ ಮಳೆಗಾಲದಲ್ಲಿ 1/4 ಇಂಚಿನಷ್ಟು ಹಿಗ್ಗಬಹುದೆಂದೂ, ಆದಕಾರಣ ಅದನ್ನು ಅಂಟಿಸದೆ ಪಟ್ಟಿಗಳ ತೋಡಿನಲ್ಲಿ ಸ್ವಲ್ಪ ಸಡಿಲವಾಗಿ ಬಿಡತಕ್ಕದ್ದೆಂದೂ ತಿಳಿಸಿದರು. ಇದು ನನಗೆ ಗೊತ್ತಿರಲಿಲ್ಲ. ತರುವಾಯ ಬಿಚ್ಚಿದ ಸಂದಿಯ ಹೊಟ್ಟನ್ನು ಬೆರಳಿನಿಂದ ಕೆದರಿ, "ಇದು ನಿನಗೆ ಗೊತ್ತಿತ್ತಲ್ಲಾ, ತಮ್ಮಾ?" ಎಂದು ಕೇಳಿ ಸುಮ್ಮನಾದರು.

ಎರಡು ತಪ್ಪುಗಳೂ ಕೂಡಿಯೇ ಬಾಗಿಲನ್ನು ಕೆಡಿಸಿದವು; ಹಾನಿಯನ್ನು ತೂಗಿ ನೋಡಿದರೆ ಯಾವದು ಹೆಚ್ಚೆಂದು ಹೇಳಲಾಗದು. ಆದರೂ ಅವು ಒಂದೇ ಅಲ್ಲ. ಅರಿಯದೆ ಮಾಡಿದ್ದಕ್ಕೆ ಬಡಿಗೇರರು ಕಲಿಸುವ ಮಾತು ಇತ್ತು. ಅರಿತು ಮುಚ್ಚಿದ್ದಕ್ಕೆ ಅವರಲ್ಲಿ ಕಲಿಸುವದೇನೂ ಇರಲಿಲ್ಲ. ಯಾಕಂದರೆ ಅಲ್ಲಿ ಕೊರತೆಯಾದದ್ದು ಕೈಯ ಜಾಣತನವಲ್ಲ. ಮನೆ ನನ್ನದೆಂಬ ನೆವವೂ ನಿಲ್ಲಲಿಲ್ಲ. ಬಾಗಿಲನ್ನು ಮಾಡುವವನು ಒಬ್ಬನು. ಅದನ್ನು ನಂಬಿ ಮುಚ್ಚಿಕೊಂಡು ಮಲಗುವವರು ಬೇರೊಬ್ಬರು.

ಇನ್ನೊಂದು ಮಾತುಂಟು. ತಾಯಿ ಕ್ಷಮಿಸಿದ್ದು ಕಲಿಯುವ ಕೈಯನ್ನು. ಹೊಟ್ಟು ತುಂಬಿದ ಕೈಯನ್ನು ಆಕೆ ಅರಿಯಳು. ಅರಿಯದವರಿಂದ ಪಡೆದ ಕ್ಷಮೆಯನ್ನು ಇಟ್ಟುಕೊಳ್ಳುವದು ಸಾಲದ ಹಣವನ್ನು ಸ್ವಂತದ್ದೆಂದು ಎಣಿಸಿದ ಹಾಗೆ. ಆ ಸಂಜೆ ಎಲ್ಲವನ್ನೂ ಹೇಳಿದೆನು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, "ಮತ್ತೊಂದು ಮಾಡು" ಎಂದಳು.

ಎರಡನೆಯ ಬಾಗಿಲಿನಲ್ಲಿಯೂ ಒಂದು ಸಂದಿ ಕಾಣುವದು. ಅದರಲ್ಲಿ ಕಟ್ಟಿಗೆಯ ಬೆಣೆಯನ್ನೇ ಬಡಿದಿದ್ದೇನೆ. ಅದರ ಮೇಲೆ ಬಣ್ಣ ಬಳಿದಿಲ್ಲ. ಬಂದವರು ಕೇಳುತ್ತಾರೆ, ನಾನು ಹೇಳುತ್ತೇನೆ; ಬಾಗಿಲು ಮಾತ್ರ ಮಳೆಗಾಲದಲ್ಲಿಯೂ ತೆರೆಯುತ್ತದೆ.