ಕಲಾವಸ್ತುವಿನ ಕರ್ತೃ ಯಾರು?

ಕಾರ್ಯವೊಂದು ಹುಟ್ಟಬೇಕಾದರೆ ಕಾರಣಗಳು ಹಲವು ಕೂಡಬೇಕೆಂಬುದು ತಾರ್ಕಿಕರ ಮತ. ಪಟಕ್ಕೆ ನೂಲೆಳೆಗಳು ಸಮವಾಯಿಕಾರಣ. ಆ ಎಳೆಗಳ ಸಂಯೋಗವು ಅಸಮವಾಯಿಕಾರಣ. ನೇಕಾರನೂ ಮಗ್ಗವೂ ನಿಮಿತ್ತಕಾರಣ. ಲೋಕವಾದರೋ ಇಷ್ಟನ್ನು ವಿಚಾರಿಸದೆ, ‘ಇದನ್ನು ಮಾಡಿದವರು ಯಾರು?’ ಎಂದು ಒಂದೇ ಹೆಸರನ್ನು ಕೇಳುತ್ತದೆ. ಹೀಗೆ ಕೇಳುವುದು ನ್ಯಾಯವೆ?

ಚಿದ್ರಿಯನ್ನು ಒಳಗೊಂಡ ಬೀದರ ನಗರದ ಬಿದರಿ ಕಲೆಯೇ ಇದಕ್ಕೆ ತಕ್ಕ ನಿದರ್ಶನ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರವನ್ನು ಬೆರೆಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವವನೊಬ್ಬ. ಅರದಿಂದ ಉಜ್ಜಿ ನಯಗೊಳಿಸುವವನೊಬ್ಬ. ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿದ ಮೈಯ ಮೇಲೆ ಬಳ್ಳಿಹೂಗಳನ್ನು ಬರೆದು ಉಳಿಯಿಂದ ಕೆತ್ತುವವನೊಬ್ಬ. ಕೆತ್ತಿದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನಿಟ್ಟು ಬಡಿದು ಕೂರಿಸುವವನೊಬ್ಬ. ಕಡೆಗೆ ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕೂಡಿಸಿದ ನೀರು ತಾಗಲು ಲೋಹವು ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇಲ್ಲಿ ಮಣ್ಣೂ ಒಬ್ಬ ಸಹಕಾರಿಯೇ ಸರಿ.

ಈ ಕಲೆಗೆ ಎರಡು ಬಗೆಯ ಮನ್ನಣೆಗಳು ಸಂದಿವೆ. 2006ರಲ್ಲಿ ದೊರೆತ ಭೌಗೋಳಿಕ ಗುರುತು ಊರಿನದು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಸಂದ ಪದ್ಮಶ್ರೀ ವ್ಯಕ್ತಿಯದು. ಅವರಾದರೂ ತಂದೆಯಿಂದ ವಿದ್ಯೆಯನ್ನು ಕಲಿತವರು.

‘ಪರಂಪರೆಯ ಸೊತ್ತಿಗೆ ಒಬ್ಬನ ಹೆಸರೇಕೆ? ಕಲ್ಯಾಣದ ಶರಣರು ತಮ್ಮ ವಚನಗಳಲ್ಲಿ ಇಷ್ಟದೈವದ ಹೆಸರನ್ನಿಡಲಿಲ್ಲವೆ?’ ಎಂದು ಆಕ್ಷೇಪಿಸಬಹುದು. ಈ ಆಕ್ಷೇಪ ನಿಲ್ಲದು. ಅಂಕಿತವು ಅಹಂಕಾರವನ್ನು ಅಳಿಸಿತೇ ಹೊರತು ಗುರುತನ್ನು ಅಳಿಸಲಿಲ್ಲ; ಎಂಟು ಶತಮಾನಗಳು ಕಳೆದ ಮೇಲೂ ಅದರಿಂದಲೇ ವಚನಕಾರರನ್ನು ಗುರುತಿಸುತ್ತೇವೆ. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡನು. ಮೇಲಾಗಿ, ತ್ಯಾಗವೆಂಬುದು ತನ್ನದನ್ನು ತಾನೇ ಬಿಟ್ಟಾಗ ಮಾತ್ರ. ತನ್ನ ಹೆಸರನ್ನು ಕುಶಲಕರ್ಮಿಯೇ ಬಿಟ್ಟರೆ ಅದು ವಿನಯ. ಕೊಳ್ಳುವವನೂ ಮಾರುವವನೂ ಅದನ್ನು ಮರೆಸಿದರೆ ಅಪಹಾರ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಿದರಿ ಹುಕ್ಕಾಪಾತ್ರೆಗಳಿವೆ. ಅಂಥವನ್ನು ಮಾಡಿದವರಲ್ಲಿ ಬಹುಮಂದಿಯ ಹೆಸರು ಇಂದು ತಿಳಿಯದು. ಅವರು ಹೆಸರನ್ನು ತ್ಯಜಿಸಿದರೆಂದು ಹೇಳಲು ಆಧಾರವೇನು? ಕೇಳುವವರಿಲ್ಲದೆಯೂ ಹೆಸರು ಅಳಿಯುತ್ತದಷ್ಟೆ.

ಆದುದರಿಂದ ಒಬ್ಬರಿಗೆ ಸಂದ ಗೌರವವು ಉಳಿದವರಿಗೆ ಅನ್ಯಾಯವಲ್ಲ. ಆ ಒಬ್ಬರಲ್ಲಿಯೇ ನಮ್ಮ ಕುತೂಹಲ ಮುಗಿದುಹೋದರೆ ಅನ್ಯಾಯ. ಅದರಿಂದಾಗುವ ಹಾನಿಯೂ ಅಲ್ಪವಲ್ಲ. ಹೊಗೆಯಲ್ಲಿ ಎರಕ ಹೊಯ್ದವನಿಗೆ ಹೆಸರೂ ಇಲ್ಲದೆ ತಕ್ಕ ಕೂಲಿಯೂ ಇಲ್ಲದೆ ಹೋದರೆ, ಅವನು ಮಗನಿಗೆ ಈ ವಿದ್ಯೆಯನ್ನು ಕಲಿಸುವುದೇತಕ್ಕೆ? ಕೋಟೆಯ ಮಣ್ಣು ಅಲ್ಲಿಯೇ ಇದ್ದೀತು. ಅದರ ಗುಣವನ್ನು ಬಲ್ಲ ಕೈ ಇರದು.

ಗೃಹಸ್ಥರ ಧರ್ಮ ಇಲ್ಲಿ ಸ್ಪಷ್ಟವಾಗಿದೆ. ಬಿದರಿಯ ಹೂದಾನಿಯೊಂದನ್ನು ಕೊಳ್ಳುವಾಗ ಬೆಲೆಯೊಡನೆ ಅದನ್ನು ಮಾಡಿದವರ ಹೆಸರುಗಳನ್ನೂ ವಿಚಾರಿಸತಕ್ಕದ್ದು. ಶ್ರಮಕ್ಕೆ ತಕ್ಕ ಹಣವನ್ನು ಚೌಕಾಸಿ ಮಾಡದೆ ಕೊಡತಕ್ಕದ್ದು. ಅತಿಥಿಗಳು ಅದನ್ನು ಮೆಚ್ಚಿದಾಗ ಆ ಹೆಸರುಗಳನ್ನು ಹೇಳತಕ್ಕದ್ದು. ಹೆಸರು ಮಾತ್ರದಿಂದ ಹೊಟ್ಟೆ ತುಂಬದು, ಹಣ ಮಾತ್ರದಿಂದ ಮನಸ್ಸು ತುಂಬದು. ಎರಡೂ ಸಂದಲ್ಲಿ ಮಾತ್ರ ಕೊಂಡವನು ಋಣಮುಕ್ತನು.