ಬಾಗಿಲಿನ ಕಣ್ಣು

ಮಗಳ ಒತ್ತಾಯಕ್ಕೆ ಮಣಿದು ಕಳೆದ ತಿಂಗಳು ನಮ್ಮ ಮನೆಯ ಬಾಗಿಲಿಗೆ ಕ್ಯಾಮೆರಾ ಇರುವ ಕರೆಗಂಟೆಯನ್ನು ಹಾಕಿಸಿದೆ. ಎಲೆಕ್ಟ್ರಿಷಿಯನ್ ಮೊದಲು ಮೇನ್ ಆರಿಸಿದ. "ಹಳೇ ಬೆಲ್ಲಿಗೆ ನೇರವಾಗಿ 230 ವೋಲ್ಟ್ ಬರ್ತಿದೆ ಸಾರ್. ಇದಕ್ಕೆ 24ರ ಮೇಲೆ ಕೊಟ್ಟರೆ ಸುಟ್ಟುಹೋಗುತ್ತೆ" ಎಂದು ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಕೂಡಿಸಿದ. ಅಷ್ಟು ಕಡಿಮೆ ವೋಲ್ಟಿಗೆ ಹಳೆಯ ಗಂಟೆ ಬಾರಿಸದಾದ್ದರಿಂದ ಅದನ್ನೂ ಬದಲಿಸಬೇಕಾಯಿತು. ಉಳಿದದ್ದು ಗೋಡೆಯೊಳಗಿನ ವೈರು ಮಾತ್ರ.

ಕೆಲಸ ನೋಡುತ್ತ ನಿಂತ ನನಗೆ ಒಂದು ವ್ಯತ್ಯಾಸ ಹೊಳೆಯಿತು. ಹಳೆಯ ಗಂಟೆಯ ವೈರಿನಲ್ಲಿ ವಿದ್ಯುತ್ತು ಹರಿಯುತ್ತಿದ್ದುದು ಯಾರಾದರೂ ಗುಂಡಿ ಒತ್ತಿದಾಗ ಮಾತ್ರ. ಬಂದವರ ಬೆರಳು ತಾಗುವವರೆಗೂ ಅದು ನಿದ್ರಿಸುತ್ತಿತ್ತು. ಹೊಸದಕ್ಕೆ ಹಗಲಿರುಳೂ ಒಂದಿಷ್ಟು ವಿದ್ಯುತ್ತು ಬೇಕು. ಅದು ಕಣ್ಣು ಮುಚ್ಚುವಂತಿಲ್ಲ.

ಒಂದು ವಾರ ಕಳೆದಿರಬಹುದು. ಮಧ್ಯಾಹ್ನ ಗಂಟೆ ಬಾರಿಸಿತು. ಫೋನಿನಲ್ಲಿ ನೋಡಿದರೆ ಹಿಂದೆ ನನ್ನೊಡನೆ ಕೆಲಸ ಮಾಡುತ್ತಿದ್ದ ಸ್ನೇಹಿತ. ಎರಡು ಬಾರಿ ನನ್ನಿಂದ ಸಾಲ ಪಡೆದಿದ್ದವನು. ಬೆವರು ಒರೆಸಿಕೊಂಡ, ಅಂಗಿಯ ಕಾಲರನ್ನು ಸರಿಮಾಡಿಕೊಂಡ, ಮುಚ್ಚಿದ ಬಾಗಿಲಿನೆದುರು ಒಂದು ನಗೆಯನ್ನು ತಂದುಕೊಂಡ. ನಾನು ಏಳಲಿಲ್ಲ. ಸ್ವಲ್ಪ ಹೊತ್ತು ಕಾದು ಹೊರಟುಹೋದ. ಏಕೆ ಬಂದಿದ್ದನೋ ನನಗೆ ಇಂದಿಗೂ ತಿಳಿಯದು.

ಬಾಗಿಲಿಗೆ ಕಿಂಡಿ ಹಿಂದೆಯೂ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಇಣುಕಬೇಕಾದರೆ ಬಾಗಿಲವರೆಗೆ ನಡೆಯಬೇಕಿತ್ತು. ಹೊರಗಿದ್ದವನಿಗೆ ನಮ್ಮ ಹೆಜ್ಜೆಯ ಸದ್ದು ಕೇಳುತ್ತಿತ್ತು. ಆ ಸದ್ದೇ ನಮ್ಮನ್ನು ಕಟ್ಟಿಹಾಕುತ್ತಿತ್ತು. ಕಳ್ಳಕಾಕರ ಭಯ ಸುಳ್ಳಲ್ಲ. ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ ಈ ಕಣ್ಣು ಉಪಕಾರಿಯೇ. ಆದರೆ ಕಳ್ಳನಿಗಾಗಿ ಇಟ್ಟ ಕಣ್ಣು ಮೊದಲು ಹಿಡಿದದ್ದು ಸ್ನೇಹಿತನ ಸಂಕೋಚವನ್ನು.

2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ತೀರ್ಪನ್ನು ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಸರಕಾರ ನಮ್ಮ ಮನೆಯೊಳಗೆ ಇಣುಕಬಾರದು, ಸರಿ. ನನ್ನ ಬಾಗಿಲಿನಲ್ಲಿ ನಾನೇ ಸರಕಾರವಾದರೆ?

ಗಂಟೆಯನ್ನು ಕಿತ್ತುಹಾಕಿಸಲಿಲ್ಲ. ಎದುರುಮನೆಯ ಬಾಗಿಲು ಕಾಣದ ಹಾಗೆ ಅದನ್ನು ಓರೆಯಾಗಿ ತಿರುಗಿಸಿದೆ. ಪರಿಚಿತರ ಮುಖ ಕಂಡರೆ ಎದ್ದು ಹೋಗಿ ಬಾಗಿಲು ತೆರೆಯಬೇಕೆಂಬ ನಿಯಮವನ್ನೂ ಮಾಡಿಕೊಂಡಿದ್ದೇನೆ. ಸಾಲ ಇಲ್ಲವೆನ್ನುವುದಿದ್ದರೆ ಎದುರು ನಿಂತು ಅನ್ನಬಹುದು. ಮೊನ್ನೆ ಆ ಸ್ನೇಹಿತನ ಮನೆಗೆ ಹೋಗಿದ್ದೆ. ಅವನ ಬಾಗಿಲಿಗೆ ಗಂಟೆಯೇ ಇಲ್ಲ. ಚಿಲಕ ತಟ್ಟಿದೊಡನೆ, ಯಾರೆಂದು ಕೇಳದೆ ಬಾಗಿಲು ತೆರೆದ.