ಅಸಲು ಯಾವುದು, ನಕಲು ಯಾವುದು?

ನಾವು ಕೊಡುವ ಬೆಲೆ ವಸ್ತುವಿಗೋ, ಅದರ ಮೇಲಿನ ಮೊಹರಿಗೋ? ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ಜೆರಾಕ್ಸ್ ಪ್ರತಿಯಲ್ಲಿ ಅಕ್ಷರಕ್ಕೆ ಅಕ್ಷರ ತಾಳೆಯಾದರೂ, ಗೆಜೆಟೆಡ್ ಅಧಿಕಾರಿಯ ರುಜು ಬೀಳುವತನಕ ಅದು ಬರೀ ಕಾಗದವೆನಿಸಿದ್ದ ಕಾಲವನ್ನು ಕಂಡವರು ನಾವು.

ಇಂಟರ್ನೆಟ್ಟಿನ ಆರಂಭದ ದಿನಗಳಲ್ಲಿ ಕೆಲವು ಕಲಾವಿದರು ಇದೇ ಪ್ರಶ್ನೆಯನ್ನು ಎತ್ತಿಕೊಂಡು ಕಲಾಪೇಟೆಯ ಹಮ್ಮನ್ನು ಕೆಣಕಿದರು. ರಷ್ಯಾದ ಓಲಿಯಾ ಲಿಯಾಲಿನಾ 1998ರಲ್ಲಿ 'ಆರ್ಟ್ ಟೆಲಿಪೋರ್ಟೇಸಿಯಾ' ಎಂಬ ಗ್ಯಾಲರಿಯನ್ನು ಇಂಟರ್ನೆಟ್ಟಿನಲ್ಲೇ ತೆರೆದು, ಕಂಪ್ಯೂಟರ್ ಪರದೆಯಾಚೆ ಇಲ್ಲದ ಕೃತಿಗಳನ್ನು ಮಾರಾಟಕ್ಕಿಟ್ಟರು. ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದಾದ, ಗಳಿಗೆಯಲ್ಲಿ ನಕಲು ತೆಗೆಯಬಹುದಾದ ಕೃತಿಯಲ್ಲಿ ಅಸಲು ಯಾವುದು? ಪರದೆಯ ಮೇಲ್ತುದಿಯಲ್ಲಿ ಕಾಣುವ ವಿಳಾಸವೇ ಅಸಲಿಗೆ ಗುರುತು ಎಂಬುದು ಅವರ ವಾದ. ಮರುವರ್ಷವೇ ಇಟಲಿಯ ಇವಾ ಮತ್ತು ಫ್ರಾಂಕೊ ಮ್ಯಾಟೆಸ್ ಜೋಡಿ ಅನುಮತಿ ಕೇಳದೆ ಆ ಪ್ರದರ್ಶನವನ್ನು ನಕಲು ಮಾಡಿ, ಕೃತಿಗಳನ್ನು ಕಲಸುಮೇಲೋಗರ ಮಾಡಿ ತಮ್ಮ ವಿಳಾಸದಲ್ಲಿ ಇಟ್ಟಿತು. ಈ ಜೋಡಿ ಆಗ ಹೆಸರಾಗಿ ಇಟ್ಟುಕೊಂಡಿದ್ದುದು ಸೊನ್ನೆ-ಒಂದುಗಳ ಒಂದು ಉದ್ದ ಸಾಲನ್ನು!

ಇದು ಕಳವೇ? ಕಳುವಾದ ಮನೆಯಲ್ಲಿ ಸಾಮಾನು ಇರುವುದಿಲ್ಲ. ಇಲ್ಲಿ ಎಲ್ಲವೂ ಇದ್ದಲ್ಲೇ ಇತ್ತು. ನಾವಿರುವ ಶಿರೂರಿನ (ಉಡುಪಿಯ ಕಡೆಯದಲ್ಲ, ಘೋಡ್ ನದಿಯ ದಂಡೆಯದು) ತಾಲ್ಲೂಕಿನಲ್ಲೇ ಅಷ್ಟವಿನಾಯಕರಲ್ಲೊಬ್ಬನಾದ ರಾಂಜಣಗಾಂವದ ಮಹಾಗಣಪತಿ ಇದ್ದಾನೆ. ಅವನ ಅಚ್ಚಿನ ಪಟವನ್ನು ಮನೆಗೆ ತಂದು ಹೂವೇರಿಸುವ ಯಾರೂ ಅದನ್ನು ನಕಲಿ ಎನ್ನುವುದಿಲ್ಲ. ಹಾಗೆಂದು ಮಾಡಿದವನ ಹೆಸರಿಗೆ ಬೆಲೆಯೇ ಇಲ್ಲವೆಂದರೆ ನಾವು ಒಪ್ಪೆವು. ಸೋಮನಾಥಪುರದಲ್ಲಿ ಮಲ್ಲಿತಮ್ಮ ತಾನು ಕಡೆದ ವಿಗ್ರಹಗಳಡಿ ಹೆಸರು ಕೆತ್ತಿದ್ದಾನೆ. ಅದರಲ್ಲೂ ಕೊಂಚ ಜಾಹೀರಾತು ಇದ್ದಿರಬಹುದು, ಇರಲಿ. ದುಡಿದವನಿಗೆ ಕೂಲಿಯೂ ಹೆಸರೂ ಸಲ್ಲಬೇಕು. ನಮಗೆ ಒಗ್ಗದಿರುವುದು, ಎಷ್ಟು ಮಂದಿ ತೆಗೆದುಕೊಂಡರೂ ಸವೆಯದ ವಸ್ತುವನ್ನು 'ಒಂದೇ ಒಂದು ಇದೆ' ಎಂದು ಕೂಗಿ ಮಾರುವುದು. ಮ್ಯಾಟೆಸ್ ಜೋಡಿ ಬೆರಳಿಟ್ಟು ತೋರಿಸಿದ್ದು ಇದನ್ನೇ. ಆದರೂ ಲಿಯಾಲಿನಾರನ್ನು ಒಂದು ಮಾತು ಕೇಳಿದ್ದರೆ ಅಣಕಕ್ಕೇನೂ ಕುಂದಾಗುತ್ತಿರಲಿಲ್ಲ.

ಅಂದಿನ ಚೇಷ್ಟೆ ಮುಂದೆ ದೊಡ್ಡ ವ್ಯಾಪಾರವಾಯಿತು. 2021ರ ಮಾರ್ಚಿನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಬೀಪಲ್ ಎಂಬ ಕಲಾವಿದನ ಕಂಪ್ಯೂಟರ್ ಚಿತ್ರವೊಂದು 6.93 ಕೋಟಿ ಡಾಲರಿಗೆ ಹೋಯಿತು. ಆ ಚಿತ್ರವನ್ನು ನಾವೂ ನೀವೂ ಫೋನಿನಲ್ಲಿ ಕಾಸಿಲ್ಲದೆ ನೋಡಬಹುದು. ಕೊಂಡವರಿಗೆ ಹೆಚ್ಚಿಗೆ ಸಿಕ್ಕಿದ್ದು, ಚಿತ್ರ ತಮ್ಮದೆಂದು ಹೇಳುವ ಒಂದು ದಾಖಲೆಯ ನಮೂದು.